ಹಳಿ ಹೊಂದದಿದ್ದರೆ ಮಾಲು ಚೆಲ್ಲಬೇಕೆ?

ಬೆಳಗಾವಿಯಿಂದ ರಜೆಗೆ ಲೋಂಡಾಕ್ಕೆ ಬಂದ ಅವಳು, ಕಾಲೇಜಿನ ಆ್ಯಪಲ್ ಕಂಪ್ಯೂಟರಿನಲ್ಲಿ ಮಾಡಿದ ಇಡೀ ವರ್ಷದ ಪ್ರಾಜೆಕ್ಟನ್ನು ಹಾರ್ಡ್ ಡಿಸ್ಕಿನಲ್ಲಿ ತಂದಿದ್ದಳು. ಮನೆಯ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ ಒಂದು ಕಡತವೂ ಕಾಣದು. ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಸೂಚನೆ ಮಾತ್ರ. ಕೇಬಲ್ ಬದಲಿಸಿದಳು, ಬೇರೆ ಪೋರ್ಟಿಗೆ ಹಾಕಿದಳು. ಫಲವಿಲ್ಲ. ‘ಒತ್ತಿಬಿಡು ಅಕ್ಕಾ’ ಎಂದ ತಮ್ಮ. ಬೆರಳು ಮೌಸಿನ ಮೇಲಿತ್ತು.

ರೈಲ್ವೆಯಿಂದ ನಿವೃತ್ತರಾದ ಅಜ್ಜ ಕೇಳಿದರು: ‘ಗಾಡಿ ಹಳಿಗೆ ಹೊಂದಲಿಲ್ಲಂತ ಒಳಗಿನ ಮಾಲು ಚೆಲ್ಲತಾರೇನವ್ವಾ?’

ಅದು ಅವರು ಕಣ್ಣಾರೆ ಕಂಡ ಕಥೆ. 1971ರಲ್ಲಿ ಪುಣೆ–ಮೀರಜ್ ಮಾರ್ಗ ಬ್ರಾಡ್‌ಗೇಜ್ ಆಯಿತು. ಲೋಂಡಾದ ಹಳಿ 1990ರ ದಶಕದವರೆಗೂ ಮೀಟರ್‌ಗೇಜ್. ಒಂದರ ಅಗಲ 1,676 ಮಿ.ಮೀ., ಇನ್ನೊಂದರದು 1,000. ಪುಣೆಗೆ ಹೊರಟವರು ಮೀರಜ್‌ನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಬೇರೆ ಗಾಡಿ ಹತ್ತುತ್ತಿದ್ದರು.

ಡಿಸ್ಕೂ ಕೆಟ್ಟಿರಲಿಲ್ಲ. ಆ್ಯಪಲ್‌ನ ಎಪಿಎಫ್‌ಎಸ್ ಎಂಬ ‘ಹಳಿ’ಯನ್ನು ವಿಂಡೋಸ್ ತಾನಾಗಿ ಓದಲಾರದು, ಅಷ್ಟೆ. ಅವಳು ಕಾಲೇಜಿಗೆ ಮರಳಿ, ಮೊದಲು ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಕೊಂಡಳು. ಆಮೇಲೆಯೇ ಡಿಸ್ಕನ್ನು ಎರಡೂ ಕಂಪ್ಯೂಟರುಗಳು ಬಲ್ಲ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಕಡತಗಳನ್ನು ಮರಳಿ ತುಂಬಿದಳು.

ಈಗ ಡಿಸ್ಕು ಎರಡೂ ಕಡೆ ಓಡುತ್ತದೆ. ಆದರೂ ಒಂದು ನಕಲು ಬೇರೆಡೆ ಇದ್ದೇ ಇರುತ್ತದೆ.