ಕಪಾಟಿನಲ್ಲಿ ಸಿ.ಡಿ., ಗಾಳಿಯಲ್ಲಿ ವಿವರ

ಸಿನಿಮಾ ಸಿ.ಡಿ.ಗಳನ್ನು ಕೂಡಿಡುವವರಿಗೆ ಈಗ ಮಾತಾಡಲು ಇರುವ ಜಗುಲಿ ಸಾಮಾಜಿಕ ಜಾಲತಾಣ. ಒಬ್ಬರು ಹೊಸದಾಗಿ ಕೊಂಡ ಬ್ಲೂ-ರೇ ಪೆಟ್ಟಿಗೆಯ ಫೋಟೊ ಹಾಕುತ್ತಾರೆ. ಇನ್ನೊಬ್ಬರು ಎಲ್ಲಿ ಸಿಕ್ಕಿತು, ಎಷ್ಟಾಯಿತು ಎಂದು ಕೇಳುತ್ತಾರೆ. ಮೂರನೆಯವರು ಬಂದು, ಇದರಲ್ಲಿ ಎರಡನೇ ಹಾಡಿನ ಒಂದು ಚರಣ ಇಲ್ಲ, ಹತ್ತು ವರ್ಷದ ಹಿಂದೆ ಬಂದ ಡಿ.ವಿ.ಡಿ.ಯಲ್ಲಿ ಪೂರ್ತಿ ಇದೆ, ಅದನ್ನು ಮಾರಬೇಡಿ ಎನ್ನುತ್ತಾರೆ. ಇಡೀ ಮಾತುಕತೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಈ ಮೂರನೆಯವರ ಮಾತು. ಆದರೆ ಮೂರು ದಿನ ಕಳೆದರೆ ಎಲ್ಲಕ್ಕಿಂತ ಮೊದಲು ಕೈಗೆ ಸಿಗದೆ ಹೋಗುವುದೂ ಅದೇ. ಸಿನಿಮಾ ಸಂಗ್ರಾಹಕರಿಗೆ ಜಾಲತಾಣದಿಂದ ನಿಜವಾದ ಉಪಯೋಗ ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹುಡುಕುವುದಕ್ಕೆ ಅದರಷ್ಟು ಒಳ್ಳೆಯ ಸಾಧನ ಹಿಂದೆ ಇರಲಿಲ್ಲ. ಆದರೆ ಅದು ಉಳಿಸಿಡುವ ಜಾಗವಲ್ಲ. ಕಂಪನಿಗಳ ಮೇಲೆ ನಂಬಿಕೆ ಇಲ್ಲದೆ ಸಿ.ಡಿ. ಕೊಂಡಿಡುವ ಜನ, ಆ ಸಿ.ಡಿ. ಕುರಿತ ತಿಳಿವಳಿಕೆಯನ್ನೆಲ್ಲ ಇನ್ನೊಂದು ಕಂಪನಿಯ ಕೈಗೆ ಒಪ್ಪಿಸಿ ನಿಶ್ಚಿಂತರಾಗಿದ್ದಾರೆ. ಇದು ಸರಿಹೋಗುವ ಲೆಕ್ಕವಲ್ಲ.

ಆ ಅಪನಂಬಿಕೆಗೆ ತಕ್ಕ ಕಾರಣಗಳಿವೆ. 2023ರ ಡಿಸೆಂಬರಿನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ ಗ್ರಾಹಕರಿಗೆ ಒಂದು ಸೂಚನೆ ಕಳಿಸಿತು. ಅವರು ಹಣ ಕೊಟ್ಟು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳು ವರ್ಷದ ಕೊನೆಗೆ ಅವರ ಖಾತೆಯಿಂದ ಹೋಗಲಿದ್ದವು. ಜನ ಸಿಟ್ಟಾದರು, ತಿಂಗಳೊಳಗೆ ಒಪ್ಪಂದ ಬದಲಿಸಿಕೊಂಡು ಆ ಕ್ರಮವನ್ನು ಕೈಬಿಡಲಾಯಿತು. ಅದೇ ವರ್ಷ, 1971ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರದ ಒಂದು ದೃಶ್ಯದಿಂದ ಕೆಲವು ಸೆಕೆಂಡುಗಳ ಸಂಭಾಷಣೆ ಅಂತರಜಾಲದ ಪ್ರತಿಯಲ್ಲಿ ಸದ್ದಿಲ್ಲದೆ ಮಾಯವಾಗಿರುವುದನ್ನು ನೋಡುಗರು ಗುರುತಿಸಿದರು. ಆ ಮಾತು ಜನಾಂಗ ನಿಂದನೆಯದು, ಕೇಳಲು ಕೆಟ್ಟದ್ದೇ. ಆದರೂ ಚಿತ್ರ ಮೊದಲು ಹೇಗಿತ್ತು ಎಂದು ತಿಳಿಯಬೇಕಾದವರಿಗೆ ಹಳೆಯ ಡಿಸ್ಕೇ ಸಾಕ್ಷಿ. ಕ್ಯಾಲಿಫೋರ್ನಿಯಾ ರಾಜ್ಯವಂತೂ 2025ರ ಜನವರಿಯಿಂದ ಒಂದು ಕಾನೂನನ್ನೇ ಜಾರಿಗೆ ತಂದಿದೆ. ಡಿಜಿಟಲ್ ಸರಕು ಮಾರುವವರು ಗ್ರಾಹಕನಿಗೆ ಸಿಗುವುದು ಬರೀ ಪರವಾನಗಿ, ಒಡೆತನ ಅಲ್ಲ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. ಕಾನೂನು ಬರೆದು ಹೇಳಬೇಕಾಯಿತು ಎಂದರೆ ಜನ ಎಷ್ಟು ದಿನ ಬೇರೆಯದೇ ತಿಳಿದುಕೊಂಡಿದ್ದರು ಎಂಬುದು ಅರ್ಥವಾಗುತ್ತದೆ. ಇಂಥ ಹೊತ್ತಿನಲ್ಲಿ ಡಿಸ್ಕು ಕೊಳ್ಳುವವರನ್ನು ಹಳೆಯ ಕಾಲಕ್ಕೆ ಅಂಟಿಕೊಂಡವರು ಎಂದು ತಳ್ಳಿಹಾಕುವುದು ತಪ್ಪು.

ಆದರೆ ಡಿಸ್ಕು ಕೈಯಲ್ಲಿದ್ದರೆ ಸಾಲದು, ಅದರೊಳಗೆ ಇರುವುದು ಏನು ಎಂಬುದೂ ಗೊತ್ತಿರಬೇಕು. ಕನ್ನಡ ಸಿನಿಮಾದ ಒಂದು ಹಳೆಯ ವಿ.ಸಿ.ಡಿ. ಕೈಗೆತ್ತಿಕೊಳ್ಳಿ. ತೆಳು ಪ್ಲಾಸ್ಟಿಕ್ ಡಬ್ಬಿ, ಒಳಗೆ ಎರಡೋ ಮೂರೋ ಸಿ.ಡಿ. ಒಂದರಲ್ಲಿ ಸುಮಾರು 74 ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲವಾದ್ದರಿಂದ ಎಷ್ಟೋ ಸಲ ನಾಯಕಿ ಬಾಗಿಲು ತೆರೆಯುವ ಹೊತ್ತಿಗೆ ಸಿ.ಡಿ. ಮುಗಿದಿರುತ್ತದೆ. ಹೊದಿಕೆಯ ಮೇಲೆ ನಾಯಕ ನಾಯಕಿಯರ ಮುಖ ದೊಡ್ಡದಾಗಿರುತ್ತದೆ, ನಿರ್ದೇಶಕನ ಹೆಸರು ಇದ್ದರೆ ಇತ್ತು, ಬಿಡುಗಡೆಯ ವರ್ಷ ಇರುವುದು ಅಪರೂಪ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ನಡುವಿನ ತೂತಿನ ಸುತ್ತ ಸಣ್ಣ ಅಕ್ಷರ, ಅಂಕಿಗಳು ಕಾಣುತ್ತವೆ. ಅದು ಕಾರ್ಖಾನೆಯಲ್ಲಿ ಅಚ್ಚಾದ ಗುರುತು. ಕೆಳಮೈ ಬೆಳ್ಳಿಯ ಬಣ್ಣದ್ದಾಗಿದ್ದರೆ ಸಾಮಾನ್ಯವಾಗಿ ಕಾರ್ಖಾನೆಯದು. ನೀಲಿಯೋ ಹಸಿರೋ ನೇರಳೆಯೋ ಛಾಯೆ ಇದ್ದರೆ ಯಾರೋ ಕಂಪ್ಯೂಟರಿನಲ್ಲಿ ಸುಟ್ಟು ಕೊಟ್ಟ ನಕಲು ಇರಬಹುದು. ಇನ್ನು ಚಿತ್ರದ ಗುಣಮಟ್ಟ. ವಿ.ಸಿ.ಡಿ.ಯ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ, ಅಂದರೆ ಒಂದು ಲಕ್ಷದಷ್ಟು. ಡಿ.ವಿ.ಡಿ.ಯಲ್ಲಿ ನಾಲ್ಕು ಲಕ್ಷ, ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷ, 4ಕೆ ಡಿಸ್ಕಿನಲ್ಲಿ ಎಂಬತ್ತು ಲಕ್ಷ ದಾಟುತ್ತದೆ. 1977ರ ‘ಸೊಸೆ ತಂದ ಸೌಭಾಗ್ಯ’ದಿಂದ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂತು. ಅಂಥ ಅಗಲದ ಚಿತ್ರವನ್ನು ಹಳೆಯ ಟಿ.ವಿ.ಯ ಚೌಕಕ್ಕೆ ತುಂಬಿಸಲು ಎರಡು ಪಕ್ಕ ಕತ್ತರಿಸಿದರೆ ಅಗಲದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಹೋಗುತ್ತದೆ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಉಳಿಯುವುದು ಹೀಗೆ. ಕಣ್ಣಿಗೆ ಕಾಣದ ವ್ಯತ್ಯಾಸವೂ ಉಂಟು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಪಾಲ್ ಎಂಬ ಟಿ.ವಿ. ಪದ್ಧತಿಯ ಡಿಸ್ಕಿಗೆ ಹಾಕುವಾಗ 25ರ ವೇಗದಲ್ಲಿ ಓಡಿಸಿದರೆ ಎರಡೂವರೆ ಗಂಟೆಯ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದೆ ಬಿಟ್ಟರೆ ಶ್ರುತಿಯೂ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ ಏರುತ್ತದೆ. ಗಾಯಕ ಪಿ.ಬಿ. ಶ್ರೀನಿವಾಸರ ತಗ್ಗಿನ ದನಿಯನ್ನು ಕೇಳಿ ಬೆಳೆದ ಕಿವಿಗೆ ಅದು ಯಾರದೋ ದನಿಯಂತೆ ಕೇಳಿಸೀತು. ಹೆಸರೊಂದೇ ನೋಡಿ ಕೊಂಡರೂ ಮೋಸ ಹೋಗಬಹುದು. ‘ಸತ್ಯ ಹರಿಶ್ಚಂದ್ರ’ ಎಂದರೆ 1943ರ ಆರ್. ನಾಗೇಂದ್ರರಾಯರದೋ, 1965ರ ಹುಣಸೂರು ಕೃಷ್ಣಮೂರ್ತಿಯವರದೋ? ಎರಡನೆಯದಾದರೆ ಮೂಲದ ಕಪ್ಪು ಬಿಳುಪಿನದೋ, 2008ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದ್ದೋ?

ಇವನ್ನೆಲ್ಲ ಎಲ್ಲಿ ಬರೆದಿಟ್ಟಿದ್ದಾರೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಪುಸ್ತಕಕ್ಕೆ ಎರಡನೇ ಪುಟ ಎಂಬುದಿದೆ. ಪ್ರಕಾಶಕರು, ವರ್ಷ, ಎಷ್ಟನೇ ಮುದ್ರಣ, ಎಲ್ಲ ಅಲ್ಲಿ ಸಿಗುತ್ತದೆ. 1954ರ ಕಾನೂನಿನಂತೆ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಪ್ರತಿಗಳು ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಹೋಗಬೇಕು. ಆ ಕಾನೂನಿನಲ್ಲಿ ಪತ್ರಿಕೆಗೆ ಜಾಗವಿದೆ, ಸಿನಿಮಾಕ್ಕೆ ಇಲ್ಲ, ಸಿನಿಮಾ ಸಿ.ಡಿ.ಯ ಮಾತಂತೂ ದೂರ. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಭಂಡಾರ ರೀಲುಗಳನ್ನು ಉಳಿಸಲು ಹೆಣಗಿದೆ, ಅದರ ಋಣ ದೊಡ್ಡದು. ಆದರೆ 2007ರ ಆಸುಪಾಸಿನಲ್ಲಿ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಗೆ 28 ರೂಪಾಯಿ, ಡಿ.ವಿ.ಡಿ.ಗೆ 34 ರೂಪಾಯಿಯಂತೆ ಮಾರಿದ ರಾಶಿಯಲ್ಲಿ ಯಾವ ಸಿನಿಮಾದ ಎಂಥ ಪ್ರತಿ ಇತ್ತು ಎಂದು ಬರೆದಿಡುವುದು ಯಾರ ಕೆಲಸವೂ ಆಗಲಿಲ್ಲ. ಆ ಕಂಪನಿಯೇ 2018ರಲ್ಲಿ ದಿವಾಳಿಯಾಗಿ ಹೋಯಿತು. ಬೆಂಗಳೂರಿನ ಗಾಂಧಿನಗರದ ಕ್ಯಾಸೆಟ್ ಅಂಗಡಿಗಳವರ ನೆನಪಿನಲ್ಲಿ ಇದ್ದದ್ದು ಅಂಗಡಿಗಳು ಮೊಬೈಲ್ ಅಂಗಡಿಗಳಾದಾಗ ಹೋಯಿತು.

ಈ ಖಾಲಿ ಜಾಗವನ್ನು ತುಂಬಿರುವುದು ಸಂಗ್ರಾಹಕರ ಗುಂಪುಗಳು. ಶಿವಮೊಗ್ಗದಲ್ಲಿ ಕೂತವರೊಬ್ಬರ ಬಳಿ ಇರುವ ಪ್ರತಿಯನ್ನೂ, ಇಪ್ಪತ್ತು ವರ್ಷದ ಹಿಂದೆ ಅಮೆರಿಕದ ಭಾರತೀಯ ದಿನಸಿ ಅಂಗಡಿಯಲ್ಲಿ ಕೊಂಡು ಅಲ್ಲಿಯ ಮನೆಯ ಅಟ್ಟಕ್ಕೆ ಸೇರಿದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಹಿಂದೆ ಆಗದ ಮಾತು. ಈಗ ಎರಡರಿಂದಲೂ ಒಂದೇ ದೃಶ್ಯದ ಚಿತ್ರ ತೆಗೆದು ಹಾಕಿದರೆ ಹತ್ತು ನಿಮಿಷದಲ್ಲಿ ಯಾವುದರಲ್ಲಿ ಪಕ್ಕ ಕತ್ತರಿಸಿದೆ, ಯಾವುದರಲ್ಲಿ ಮುಖದ ಬಣ್ಣ ಸರಿಯಾಗಿದೆ ಎಂಬುದು ತೀರ್ಮಾನವಾಗುತ್ತದೆ. ಕೊಳ್ಳುವವನ ಹಣವೂ ಉಳಿಯುತ್ತದೆ. ಇದು ಹವ್ಯಾಸಿಗಳ ಕಾಲಹರಣ, ಸಿನಿಮಾ ಉಳಿಸುವುದು ಸಂಸ್ಥೆಗಳ ಕೆಲಸ ಎನ್ನುವವರು ಎರಡು ಸಂಗತಿ ನೆನೆಯಬೇಕು. ಫ್ರಿಟ್ಸ್ ಲ್ಯಾಂಗ್‌ನ 1927ರ ‘ಮೆಟ್ರೊಪೊಲಿಸ್’ ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಕತ್ತರಿಗೆ ಸಿಕ್ಕಿ, ಕಳೆದುಹೋದ ಭಾಗ ಇನ್ನು ಸಿಗದು ಎನ್ನುವಂತಾಗಿತ್ತು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಪೂರ್ತಿ ಪ್ರತಿ ಸಿಕ್ಕಿತು. ಅದರ ಮೂಲ ಒಬ್ಬ ವಿಮರ್ಶಕನ ಖಾಸಗಿ ಸಂಗ್ರಹ. ಸುಮಾರು 25 ನಿಮಿಷದ ಚಿತ್ರ ಹಾಗೆ ಮರಳಿ ಬಂತು. ಬಿ.ಬಿ.ಸಿ. ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಎಷ್ಟೋ ಹಳೆಯ ಕಂತುಗಳ ಟೇಪನ್ನು ಅಳಿಸಿಹಾಕಿತ್ತು. ಚಿತ್ರ ಸಿಗದ ಆ ಕಂತುಗಳ ಧ್ವನಿಯಾದರೂ ಇಂದು ಉಳಿದಿದ್ದರೆ ಅದು ಟಿ.ವಿ. ಮುಂದೆ ಟೇಪ್‌ರೆಕಾರ್ಡರ್ ಹಿಡಿದು ಕೂತ ಅಭಿಮಾನಿಗಳಿಂದ. ನಮ್ಮ ಕಡೆ ನೋಡಿದರೆ, 1934ರ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಉಳಿದಿಲ್ಲ. ಅಂದು ಯಾರಾದರೊಬ್ಬರು ಒಂದು ಪ್ರತಿಯನ್ನು ಹಟ ಹಿಡಿದು ಇಟ್ಟುಕೊಂಡಿದ್ದರೆ ಎಂದು ಅನಿಸದ ಕನ್ನಡಿಗರು ಇರಲಾರರು.

ಈ ಗುಂಪುಗಳ ಮೇಲೆ ಬರುವ ದೂರುಗಳೂ ಪೊಳ್ಳಲ್ಲ. ಕಪಾಟಿನ ಫೋಟೊ ಹಾಕಿ ಮೆರೆಯುವುದು, ‘ಸೀಮಿತ ಪ್ರತಿಗಳು’ ಎಂಬ ಮಾತಿಗೆ ಬೆದರಿ ಬೇಡದ್ದನ್ನು ಕೊಳ್ಳುವುದು, ಹತ್ತು ಪೆಟ್ಟಿಗೆ ಒಟ್ಟಿಗೆ ಕೊಂಡು ಮರುವಾರ ಮೂರು ಪಟ್ಟಿಗೆ ಮಾರುವುದು ಎಲ್ಲ ಇದೆ. ಕವರ್ ಹರಿಯದೆ ಸಾಲಾಗಿ ನಿಲ್ಲಿಸಿದ ಡಿಸ್ಕಿನಲ್ಲಿ ಏನಿದೆ ಎಂಬುದು ಇಟ್ಟವನಿಗೇ ಗೊತ್ತಿರುವುದಿಲ್ಲ. ಸಂತೆಯಲ್ಲಿ ದಲ್ಲಾಳಿಯೂ ಇರುತ್ತಾನೆ. ಆದರೆ ಬೆಲೆ ಏರಿಸುವವನಿಗೆ ಅನುಕೂಲವಾಗುವುದು ಕೊಳ್ಳುವವನಿಗೆ ವಿವರ ತಿಳಿಯದಿದ್ದಾಗ. ಇದೇ ಚಿತ್ರದ ಹಳೆಯ ಡಿ.ವಿ.ಡಿ. ಕೂಡ ಚೆನ್ನಾಗಿದೆ ಎಂದು ಗೊತ್ತಿದ್ದವನು ಮೂರು ಪಟ್ಟು ಕೊಡಲು ಹೋಗುವುದಿಲ್ಲ.

ಕದ್ದ ಪ್ರತಿಗಳ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಸಿನಿಮಾ ಗುಂಪು ಎಂದರೆ ಟೆಲಿಗ್ರಾಂನಲ್ಲಿ ಫೈಲು ಹಂಚುವ ಗುಂಪು ಎಂದು ನಿರ್ಮಾಪಕರು ಭಯಪಡುವುದು ಸಹಜ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಆ ಅವಧಿಯ ಒಳಗೆ ಪ್ರತಿ ಹಂಚುವುದು ತಪ್ಪು, ಅದನ್ನು ಸಂಗ್ರಹ ಎಂದು ಕರೆದು ಸಮರ್ಥಿಸಲು ನಾನು ಒಪ್ಪಲಾರೆ. ಆದರೆ ಯಾವ ಡಿಸ್ಕಿನಲ್ಲಿ ಎಷ್ಟು ನಿಮಿಷ ಇದೆ, ಯಾವ ಹಾಡು ಇಲ್ಲ ಎಂದು ಹೇಳುವುದು ಯಾರ ಹಕ್ಕನ್ನೂ ಮುಟ್ಟುವುದಿಲ್ಲ. ಅಂಥ ಪಟ್ಟಿಯಿಂದ ನಿರ್ಮಾಪಕರಿಗೇ ಪ್ರಯೋಜನ. ನೆಗೆಟಿವ್ ಹಾಳಾಗಿ, ಇರುವ ಪ್ರಿಂಟಿನಲ್ಲಿ ಒಂದು ರೀಲು ಕಡಿಮೆ ಬಿದ್ದಾಗ ಆ ಭಾಗ ಯಾವ ಪ್ರತಿಯಲ್ಲಿದೆ ಎಂದು ಹೇಳಬಲ್ಲವರು ಸಂಗ್ರಾಹಕರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಪುನರುಜ್ಜೀವಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅಂಥ ಭಾಗ್ಯ ಎಲ್ಲ ಚಿತ್ರಗಳಿಗೂ ಬರುವುದಿಲ್ಲ. ಎಷ್ಟೋ ಜನಪ್ರಿಯ ಚಿತ್ರಗಳ ಪಾಲಿಗೆ ಆ 28 ರೂಪಾಯಿಯ ವಿ.ಸಿ.ಡಿ.ಯೇ ಕೊನೆಯ ಒಳ್ಳೆಯ ಪ್ರತಿ ಆಗಿಬಿಡಬಹುದು. ಎಲ್ಲ ಯೂಟ್ಯೂಬಿನಲ್ಲೇ ಇದೆಯಲ್ಲ ಎನ್ನುವವರಿಗೂ ನನ್ನ ಉತ್ತರ ಇದೇ. ಅಲ್ಲಿರುವುದು ಇಂಥದ್ದೇ ಯಾವುದೋ ಡಿಸ್ಕಿನಿಂದ ಏರಿಸಿದ್ದು, ಮೂಲೆಯಲ್ಲಿ ಲಾಂಛನ ಹೊತ್ತದ್ದು, ಯಾವ ದಿನ ಬೇಕಾದರೂ ಕಾಣದೆ ಹೋಗಬಹುದಾದದ್ದು.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಕಾಣದೆ ಹೋಗುವ ಭಯ ಸಿನಿಮಾಕ್ಕೆ ಎಷ್ಟಿದೆಯೋ ಸಿನಿಮಾ ಕುರಿತ ಮಾತಿಗೂ ಅಷ್ಟೇ ಇದೆ. ಆರ್ಕುಟ್ ನಮ್ಮ ಎಷ್ಟೋ ಅಭಿಮಾನಿ ಬಳಗಗಳ ಮೊದಲ ಮನೆ. 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಐ.ಎಂ.ಡಿ.ಬಿ.ಯಲ್ಲಿ ಪ್ರತಿ ಸಿನಿಮಾದ ಕೆಳಗೆ ನಡೆಯುತ್ತಿದ್ದ ಚರ್ಚೆಗಳನ್ನು 2017ರ ಫೆಬ್ರವರಿಯಲ್ಲಿ ತೆಗೆದುಹಾಕಿದರು. ಯಾಹೂ ಗುಂಪುಗಳು 2020ರ ಡಿಸೆಂಬರಿನಲ್ಲಿ ಪೂರ್ತಿ ಮುಚ್ಚಿದವು. ಇವೆಲ್ಲ ದೊಡ್ಡ ಕಂಪನಿಗಳೇ. ಫೇಸ್‌ಬುಕ್ ಇನ್ನೂ ನಡೆಯುತ್ತಿದೆ, ನಿಜ, ಆದರೆ ಹೋದ ವರ್ಷ ಯಾರೋ ಕಮೆಂಟಿನಲ್ಲಿ ಬರೆದ ಒಂದು ಸಾಲನ್ನು ಅಲ್ಲಿ ಮತ್ತೆ ಹುಡುಕಿ ತೆಗೆಯುವುದು ಹಗೇವಿನಲ್ಲಿ ಸಾಸಿವೆ ಹುಡುಕಿದಂತೆ. ವಾಟ್ಸ್‌ಆ್ಯಪ್ ಗುಂಪಿಗೆ ಇಂದು ಸೇರಿದವನಿಗೆ ನಿನ್ನೆಯ ಮಾತು ತಾನಾಗಿ ಕಾಣುವುದಿಲ್ಲ. ಹಾಗಾಗಿ ಒಂದೇ ಪ್ರಶ್ನೆಯನ್ನು ವರ್ಷಕ್ಕೆ ಹತ್ತು ಸಲ ಕೇಳುತ್ತಾರೆ, ತಿಳಿದವರು ಮೂರು ಸಲ ಹೇಳಿ ಬೇಸತ್ತು ಸುಮ್ಮನಾಗುತ್ತಾರೆ. ನನಗೆ ಅತಿ ಹೆಚ್ಚು ನೋವು ಕೊಡುವುದು ಈ ಮೌನ. ಗುಂಪಿನಲ್ಲಿ ಒಬ್ಬರಾದರೂ ಕೂತು ಪಟ್ಟಿ ಬರೆಯಬೇಕು. ಚಿತ್ರದ ಹೆಸರು, ವರ್ಷ, ಡಿಸ್ಕು ಹೊರತಂದ ಕಂಪನಿ, ಒಟ್ಟು ನಿಮಿಷ, ಅಗಲದ ಅಳತೆ, ಕತ್ತರಿಸಿದ ದೃಶ್ಯ, ಒಳಸುತ್ತಿನ ಅಂಕಿ, ಯಾವ ಊರಿನವರ ಬಳಿ ಇದೆ ಎಂಬ ಸುಳಿವು ಇಷ್ಟು ಸಾಕು. ಅದರ ಒಂದು ಪ್ರತಿ ಗುಂಪಿನ ಹೊರಗೆ, ಹತ್ತು ಜನರ ಕಂಪ್ಯೂಟರಿನಲ್ಲಿ, ಸಾಧ್ಯವಾದರೆ ಕಾಗದದ ಮೇಲೂ ಇರಬೇಕು. ಇಷ್ಟು ಶ್ರಮ ಯಾರು ಪಡುತ್ತಾರೆ ಎನ್ನಬಹುದು. ಒಂದು ಡಿಸ್ಕಿಗಾಗಿ ಮೂರು ಊರು ಅಲೆದವರಿಗೆ ಒಂದು ಸಾಲು ಬರೆಯುವುದು ಹೊರೆಯಾಗಲಾರದು.

ವಿಡಿಯೋ ಕ್ಯಾಸೆಟ್‌ಗಳ ವಿಷಯದಲ್ಲಂತೂ ಕಾಯುವಷ್ಟು ಸಮಯ ಇಲ್ಲ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಕರಾವಳಿಯ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಅದನ್ನು ಒರೆಸದೆ ಯಂತ್ರಕ್ಕೆ ಹಾಕಿದರೆ ಟೇಪೂ ಹೋಯಿತು, ಯಂತ್ರದ ಹೆಡ್ಡೂ ಹೋಯಿತು. ಎಂಬತ್ತರ ದಶಕದ ಕ್ಯಾಸೆಟ್ಟೊಂದನ್ನು ಹಿಡಿದವರು ಗುಂಪಿನಲ್ಲಿ ಕೇಳುವ ಪ್ರಶ್ನೆ ಒಂದೇ: ಓಡುವ ವಿ.ಸಿ.ಆರ್. ಯಾರ ಬಳಿ ಇದೆ? ಉತ್ತರ ಒಂದು ಗಂಟೆಯೊಳಗೆ ಬರಬಹುದು, ಹಳೆಯ ಮದುವೆ ವಿಡಿಯೋ ಸ್ಟುಡಿಯೊದ ಮೂಲೆಯಲ್ಲಿ ಒಂದು ಉಳಿದಿದೆ, ಅದರ ಯಜಮಾನರಿಗೆ ಹೆಡ್ ತೊಳೆಯುವುದೂ ಗೊತ್ತು ಎಂದು. ಆ ಸ್ಟುಡಿಯೊದ ವಿಳಾಸವನ್ನು ಅಂದೇ ಪಟ್ಟಿಗೆ ಸೇರಿಸಿಕೊಂಡರೆ ಬೂಷ್ಟು ಹಿಡಿದ ಮುಂದಿನ ಕ್ಯಾಸೆಟ್ ತಂದವರು ಮತ್ತೆ ಮೊದಲಿನಿಂದ ಹುಡುಕಬೇಕಾಗಿಲ್ಲ.