ಮಧುವಿನ ಅನುರಸ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತಪಾಠ ಹೇಳಿದವನು ನಾನು. ಅಮರಕೋಶದಲ್ಲಿ ಮಧುಶಬ್ದವು ಬಂದಾಗಲೆಲ್ಲ, ಚರಕನು ಮಧುವನ್ನು ನಾಲ್ಕು ಬಗೆಯಾಗಿಯೂ ಸುಶ್ರುತನು ಎಂಟು ಬಗೆಯಾಗಿಯೂ ವಿಂಗಡಿಸಿರುವರೆಂದು ಹೇಳುತ್ತಿದ್ದೆನು. ಮಧುವಿನ ರಸವು ಮಧುರ, ಅದರ ಹಿಂದೆ ತೋರುವ ಅನುರಸವು ಕಷಾಯ, ಎಂದರೆ ಒಗರು, ಎಂದು ವಿವರಿಸುತ್ತಿದ್ದೆನು. ಆದರೆ ಆ ವಿದ್ಯೆಯು ನನ್ನ ಮಾತಿನಲ್ಲಿದ್ದಿತೇ ಹೊರತು ನಾಲಗೆಗೆ ಇಳಿದಿರಲಿಲ್ಲ. ಇದನ್ನು ಲಜ್ಜೆಯಿಂದಲೇ ಬರೆಯುತ್ತಿದ್ದೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಚಾಮರಾಜನಗರದಲ್ಲಿ ಉಪಾಧ್ಯಾಯನಾಗಿದ್ದಾಗ, ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಬಂದ ಸೋಲಿಗರ ಮುದುಕನೊಬ್ಬನಿಂದ ಒಂದು ಶೀಶೆ ಜೇನನ್ನು ಕೊಂಡೆನು. ಬಣ್ಣ ಕಪ್ಪು. ಬಾಯಿಗಿಟ್ಟರೆ ಮೊದಲು ಸಿಹಿ, ಬೆನ್ನಹಿಂದೆಯೇ ಒಗರು, ಕಡೆಗೆ ಸಣ್ಣ ಕಹಿ. ಮರುವಾರ ಸಂತೆಯಲ್ಲಿ ಅವನನ್ನು ತಡೆದು, "ಏನಯ್ಯಾ, ಬೆಲ್ಲದ ಪಾಕವನ್ನು ಸೀಯಿಸಿ ಬೆರೆಸಿ ಮಾರುತ್ತೀಯಾ?" ಎಂದು ನಾಲ್ಕು ಜನರೆದುರಿಗೆ ಗದರಿಸಿದೆನು. ಅವನು ಸಿಟ್ಟಾಗಲಿಲ್ಲ. "ನೇರಳೆ ಹೂವಿನ ಜೇನು ಬುದ್ಧಿ, ಹಿಂಗೇ ಇರ್ತದೆ" ಎಂದು ಹೇಳಿ, ಹಣವನ್ನು ಎಣಿಸಿ ನನ್ನ ಕೈಗೆ ಹಾಕಿ ಹೊರಟುಹೋದನು. ಶೀಶೆಯನ್ನು ಹಿಂದಕ್ಕೆ ಕೇಳಲಿಲ್ಲ.

ಅನಂತರ ಬೆಟ್ಟವನ್ನು ಬಲ್ಲ ಮಿತ್ರರೊಬ್ಬರು ನನಗೆ ಪಾಠ ಹೇಳಿದರು. ಹೆಜ್ಜೇನು ಎತ್ತರದ ಮರದಲ್ಲಿಯೂ ಬಂಡೆಯಲ್ಲಿಯೂ ಒಂದೇ ದೊಡ್ಡ ಎರಿಯನ್ನು ಕಟ್ಟುವುದು. ತುಡುವೆಯು ಪೊಟರೆಯೊಳಗೆ ಸಾಲಾಗಿ ಹಲವು ಎರಿಗಳನ್ನು ಕಟ್ಟುವುದು. ಕಡ್ಡಿಜೇನಿನ ಎರಿ ಪೊದೆಯ ಕೊಂಬೆಗೆ ಅಂಗೈಯಷ್ಟು. ಕುಟುಕದ ನಸರಿಯ ಜೇನು ನೀರಾಗಿ, ಹುಳಿಯಾಗಿರುವುದು. ನೊಣವೊಂದೇ ಆದರೂ ಹೂವು ಬೇರೆಯಾದರೆ ರುಚಿಯೂ ಬೇರೆ. ನೇರಳೆಯ ಜೇನಿಗೆ ಆ ಒಗರೂ ಕಹಿಯೂ ಸಹಜ. ನಾನು ಯಾವುದನ್ನು ಮೋಸವೆಂದೆನೋ ಅದೇ ಅದರ ಕುಲಚಿಹ್ನೆ!

ಈಚೆಗೆ ಜರ್ಮನಿಯಲ್ಲಿರುವ ಹಳೆಯ ಶಿಷ್ಯನೊಬ್ಬನು ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದಿದ್ದನು. ಈ ಕಥೆಯನ್ನು ಕೇಳಿ ಅವನು ಆ ದೇಶದ ರೀಸ್ಲಿಂಗ್ ಎಂಬ ದ್ರಾಕ್ಷಿಯ ಮಾತೆತ್ತಿದನು. ೧೪೩೫ರಷ್ಟು ಹಿಂದಿನ ಲೆಕ್ಕಪತ್ರದಲ್ಲಿಯೇ ಅದರ ಹೆಸರುಂಟಂತೆ. ಬಳ್ಳಿಯಲ್ಲಿ ಬಹುದಿನ ಮಾಗಿದ ಹಣ್ಣಿನಲ್ಲಿ ಸಕ್ಕರೆ ಹೆಚ್ಚು. ಅದೆಲ್ಲವೂ ಹುದುಗಿಹೋದರೆ ದ್ರಾಕ್ಷಾಸವದಲ್ಲಿ ಸಿಹಿ ಉಳಿಯದು, ನಡುವೆ ತಡೆದರೆ ಉಳಿಯುವುದು. ಹುಳಿ ಸಾಕಷ್ಟಿದ್ದರೆ ಲೀಟರಿಗೆ ೯ ಗ್ರಾಂ ಸಕ್ಕರೆಯಿದ್ದರೂ ಅದನ್ನು 'ಒಣ' ಆಸವವೆಂದೇ ಕರೆಯಲು ಅಲ್ಲಿನ ಕಾನೂನು ಒಪ್ಪುವುದು. ಹುಳಿ ಕುಗ್ಗಿದರೆ ಅಷ್ಟೇ ಸಕ್ಕರೆಯು ಮೊಂಡ ಸಿಹಿಯಾಗಿ ತೋರುವುದು. ನಾನು ಮದ್ಯವನ್ನು ಮುಟ್ಟಿದವನಲ್ಲ. ಆದರೂ ಮಾತು ಹಿಡಿಸಿತು. ಸಿಹಿಯನ್ನು ತಿಳಿಯಬೇಕಾದರೆ ಅದರ ಸಂಗಡಿಗನನ್ನು ತಿಳಿಯಬೇಕು.

ಸಕ್ಕರೆಯಿಂದಲೇ ಸಿಹಿಯನ್ನು ಕಲಿತ ನಾಲಗೆಯು ಜೇನಿಗೆ ನ್ಯಾಯಾಧೀಶನಾಗಲಾರದು. ಈಗ ಪ್ರತಿವರ್ಷವೂ ಕಪ್ಪು ಜೇನನ್ನು ಕೊಂಡುತಂದು, ಮೊಮ್ಮಕ್ಕಳ ಅಂಗೈಗೆ ಒಂದು ತೊಟ್ಟು ಹಾಕಿ, "ಕಡೆಗೆ ಬಂದ ರುಚಿ ಯಾವುದು?" ಎಂದು ಕೇಳುತ್ತೇನೆ. ಆ ಮುದುಕನು ಮತ್ತೆ ಸಂತೆಗೆ ಬರಲಿಲ್ಲ. ಅವನ ಹಣವು ನನ್ನ ಮೇಲೆ ಋಣವಾಗಿಯೇ ಉಳಿದಿದೆ.