ಒಂಬೈನೂರ ತೊಂಬತ್ತೊಂಬತ್ತು ದೆವ್ವಗಳ ಬಂಗಲೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಅನಹೈಮ್ ಎಂಬುದೊಂದು ಊರು. ಒಂದು ಕಾಲಕ್ಕೆ ಕಿತ್ತಳೆಯ ತೋಟಗಳಿಗೆ ಹೆಸರಾಗಿದ್ದ ಈ ಊರಿನ ಕೀರ್ತಿಯ ಸ್ವರೂಪವೇ 1955ನೆಯ ಇಸವಿ ಜುಲೈ 17ರಂದು ಬದಲಾಯಿತು. ಚಲಚ್ಚಿತ್ರ ನಿರ್ಮಾಪಕ ವಾಲ್ಟ್ ಡಿಸ್ನಿಯವರು ಡಿಸ್ನಿಲ್ಯಾಂಡ್ ಎಂಬ ವಿನೋದವನವನ್ನು ಅಲ್ಲಿ ತೆರೆದದ್ದು ಅಂದು. ಆ ವನವನ್ನು ಸುತ್ತಿ ಬರುವ ಪುಟ್ಟ ಉಗಿಬಂಡಿಯೊಂದುಂಟು. ಅದರ ನಿಲ್ದಾಣಗಳಲ್ಲೊಂದು ನ್ಯೂ ಆರ್ಲಿಯನ್ಸ್ ಚೌಕದಲ್ಲಿದೆ. ಬಂಡಿಗಾಗಿ ಕಾದು ನಿಂತವರಿಗೆ ಎದುರಿನ ತಂತಿ ಕಚೇರಿಯಿಂದ ಕಟಕಟ ಎಂಬ ಸದ್ದು ಕೇಳಿಸುತ್ತಿರುತ್ತದೆ. ಮಕ್ಕಳು ಐಸ್‌ಕ್ರೀಮು ತಿನ್ನುತ್ತಾರೆ, ತಾಯಂದಿರು ಚೀಲ ಸರಿಪಡಿಸಿಕೊಳ್ಳುತ್ತಾರೆ. ಸದ್ದಿನ ಗೊಡವೆ ಯಾರಿಗೂ ಇಲ್ಲ. ಆದರೆ ಹಳೆಯ ಅಮೆರಿಕನ್ ತಂತಿಸಂಕೇತ ಬಲ್ಲ ಮುದುಕನೊಬ್ಬ ಆ ಗುಂಪಿನಲ್ಲಿದ್ದರೆ ಅವನು ಕತ್ತೆತ್ತಿ ನೋಡಿಯಾನು. ಆ ಯಂತ್ರ ಬಡಿಯುತ್ತಿರುವುದು ಬರಿಯ ಸದ್ದನ್ನಲ್ಲ. ಉದ್ಘಾಟನೆಯ ದಿನ ಡಿಸ್ನಿಯವರು ಆಡಿದ ಸ್ವಾಗತ ಭಾಷಣದ ಮೊದಲ ಮಾತುಗಳನ್ನು.

ಅರ್ಥ ಬಲ್ಲವರು ಸಾವಿರಕ್ಕೊಬ್ಬರೂ ಇಲ್ಲದ ಮಾತನ್ನು ಹಗಲೆಲ್ಲ ಹೀಗೆ ನುಡಿಸುವುದನ್ನು ಹುಚ್ಚೆನ್ನಬೇಕೋ ಶ್ರದ್ಧೆಯೆನ್ನಬೇಕೋ ನಿರ್ಧರಿಸುವುದು ಕಷ್ಟ. ಆದರೆ ಆ ವನದ ತುಂಬ ಈ ಬಗೆಯ ಹುಚ್ಚು ಹರಡಿಕೊಂಡಿದೆ. ಬಾಗಿಲ ಬಳಿಯ ಮುಖ್ಯ ಬೀದಿಯಲ್ಲಿ ಸಾಲುಗಟ್ಟಿದ ಮನೆಗಳ ಮೇಲಂತಸ್ತುಗಳು ಕೆಳಗಿನವುಗಳಿಗಿಂತ ಗಿಡ್ಡ. ಆದ್ದರಿಂದ ಕಟ್ಟಡಗಳು ಇದ್ದುದಕ್ಕಿಂತ ಎತ್ತರವಾಗಿ ಕಾಣುತ್ತವೆ. ಬೀದಿಯ ಕೊನೆಯ ಅರಮನೆಯ ಎತ್ತರ ಕೇವಲ 77 ಅಡಿ. ಅದರ ಗೋಡೆಯ ಕಲ್ಲುಗಳು ಬುಡದಲ್ಲಿ ದೊಡ್ಡವಾಗಿದ್ದು ಮೇಲೇರಿದಂತೆ ಚಿಕ್ಕದಾಗುತ್ತ ಹೋಗುವುದರಿಂದ ನೋಡುವವನ ಕಣ್ಣು ಅದನ್ನು ಮುಗಿಲಿಗೇರಿಸಿಬಿಡುತ್ತದೆ. ಅಂತಸ್ತು ಅಂತಸ್ತಿಗೂ ಕಿರಿದಾಗುವ ಗೋಪುರಗಳನ್ನು ಕಂಡು ಬೆಳೆದವರಿಗೆ ಈ ಉಪಾಯವೇನೂ ಅಪರಿಚಿತವಲ್ಲ.

ಆದರೆ ಈ ಕುಶಲತೆಯೆಲ್ಲ ಮಡುಗಟ್ಟಿ ನಿಂತಿರುವುದು ರೈಲು ನಿಲ್ದಾಣಕ್ಕೆ ಕೂಗಳತೆಯಲ್ಲಿರುವ ಒಂದು ಬಿಳಿಯ ಬಂಗಲೆಯಲ್ಲಿ. ಹೆಸರು ಹಾಂಟೆಡ್ ಮ್ಯಾನ್ಷನ್, ಅಂದರೆ ಭೂತಬಂಗಲೆ. ಮೊದಲು ನಕ್ಷೆ ಬರೆದ ಚಿತ್ರಕಾರರು ಭೂತಗಳಿಗೆ ತಕ್ಕ ಮನೆಯನ್ನೇ ಬರೆದಿದ್ದರು: ಮುರಿದ ಕಿಟಕಿ, ಕಳಚಿದ ಹಲಗೆ, ಆಳೆತ್ತರದ ಕಳೆ. ಡಿಸ್ನಿಯವರು ಒಪ್ಪಲಿಲ್ಲ. ತಮ್ಮ ವನದಲ್ಲಿ ಪಾಳುಬಿದ್ದ ಮನೆ ಇರಕೂಡದು. ಹೊರಗಿನ ಅಂದವನ್ನು ಮನುಷ್ಯರು ನೋಡಿಕೊಳ್ಳಲಿ, ಒಳಗಿನದನ್ನು ಭೂತಗಳೇ ನೋಡಿಕೊಳ್ಳಲಿ ಎಂಬುದು ಅವರ ತೀರ್ಮಾನ. ಅಂತೆಯೇ 1963ರಲ್ಲಿ ಕಂಬಗಳ ಮೊಗಸಾಲೆ, ಕಬ್ಬಿಣದ ಕುಸುರಿಯ ಕಟಾಂಜನಗಳುಳ್ಳ ಚೊಕ್ಕ ಬಂಗಲೆ ಎದ್ದು ನಿಂತಿತು. ನಿವೃತ್ತರಾಗಬಯಸುವ ಭೂತಗಳು ಅರ್ಜಿ ಹಾಕಿಕೊಳ್ಳಬಹುದೆಂದು ತಮಾಷೆಯ ಫಲಕವೊಂದನ್ನೂ ಮುಂದೆ ನಿಲ್ಲಿಸಿದರು.

ಫಲಕ ಬಂದಿತು, ಬಾಗಿಲು ಮಾತ್ರ ತೆರೆಯಲಿಲ್ಲ. 1964 ಮತ್ತು 65ರ ನ್ಯೂಯಾರ್ಕ್ ವಿಶ್ವ ಪ್ರದರ್ಶನದ ಕೆಲಸ ಡಿಸ್ನಿಯವರ ಕುಶಲಕರ್ಮಿಗಳನ್ನು ಸೆಳೆದುಕೊಂಡಿತು. ಬಂಗಲೆ ಬರಿದಾಗಿಯೇ ಉಳಿಯಿತು. ಕಿಟಕಿಯ ಪರದೆಗಳನ್ನು ಕಂಡು, ಒಳಗೆ ಏನಿರಬಹುದೆಂದು ಅಪ್ಪಂದಿರನ್ನು ಪೀಡಿಸಿದ ಹುಡುಗರು ಮೀಸೆ ಚಿಗುರುವ ವಯಸ್ಸಿಗೆ ಬಂದರು. 1966ರ ಡಿಸೆಂಬರ್ 15ರಂದು ವಾಲ್ಟ್ ಡಿಸ್ನಿಯವರೇ ತೀರಿಕೊಂಡರು. ತಾವು ಕಟ್ಟಿಸಿದ ಮನೆಯೊಳಗೆ ಭೂತಗಳು ನೆಲೆಸಿದುದನ್ನು ಅವರು ನೋಡಲಿಲ್ಲ.

ಯಜಮಾನನಿಲ್ಲದ ಮನೆಯಲ್ಲಿ ಜಗಳ ಹುಟ್ಟುವುದು ಲೋಕರೂಢಿ. ಇಲ್ಲಿಯೂ ಅಭಿಪ್ರಾಯಭೇದ ತಲೆದೋರಿತು. ಕ್ಲಾಡ್ ಕೋಟ್ಸ್ ಚಲಚ್ಚಿತ್ರಗಳಿಗೆ ಹಿನ್ನೆಲೆಯ ದೃಶ್ಯಗಳನ್ನು ಬರೆದು ಪಳಗಿದವರು. ಬಂಗಲೆಯೊಳಗೆ ಕಾಲಿಟ್ಟವರ ಬೆನ್ನು ನಡುಗಬೇಕೆಂಬುದು ಅವರ ಪಟ್ಟು. ಮಾರ್ಕ್ ಡೇವಿಸ್ ಪಾತ್ರಗಳನ್ನು ಬರೆದು ಹೆಸರಾದವರು; ಜನ ನಗಬೇಕೆಂಬುದು ಅವರ ವಾದ. ಕಥಾಸೂತ್ರವನ್ನು ಹೆಣೆಯುವ ಹೊಣೆ ಎಕ್ಸ್ ಅಟೆನ್ಸಿಯೋ ಎಂಬವರ ಪಾಲಿಗೆ ಬಂದಿತು. ಅವರು ಇಬ್ಬರನ್ನೂ ಬಿಡಲಿಲ್ಲ. ಮನೆಯ ಮೊದಲರ್ಧದಲ್ಲಿ ಭೂತಗಳ ಸುಳಿವುಂಟೇ ಹೊರತು ರೂಪವಿಲ್ಲ. ಉತ್ತರಾರ್ಧದಲ್ಲಿ ಭೂತಗಳದೇ ಸಂತೆ. ರಾಜಿಯಿಂದ ಹುಟ್ಟಿದ ಕೃತಿಗಳು ಸಾಮಾನ್ಯವಾಗಿ ಸಪ್ಪೆಯಾಗಿರುತ್ತವೆ. ಇದು ಅಪವಾದ.

ಒಳಹೊಕ್ಕವರನ್ನು ಮೊದಲು ಎಂಟು ಮೂಲೆಯ ಕೋಣೆಯೊಂದರಲ್ಲಿ ನಿಲ್ಲಿಸುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಗೋಡೆಯ ಮೇಲೆ ನಾಲ್ಕು ಗಂಭೀರ ಚಿತ್ರಪಟಗಳು. ನೋಡನೋಡುತ್ತಿದ್ದಂತೆ ಕೋಣೆ ಎತ್ತರವಾಗತೊಡಗುತ್ತದೆ. ಅದರೊಡನೆ ಪಟಗಳೂ ಉದ್ದವಾಗುತ್ತವೆ. ಕೊಡೆ ಹಿಡಿದು ಮುಗುಳುನಗುತ್ತಿದ್ದ ತರುಣಿ ಸವೆದ ಹಗ್ಗದ ಮೇಲೆ ನಿಂತಿದ್ದಾಳೆ, ಕೆಳಗೆ ಬಾಯ್ತೆರೆದ ಮೊಸಳೆ! ಕೋಟು ತೊಟ್ಟ ಘನವಂತ ಮಹಾಶಯನಿಗೆ ಷರಾಯಿಯೇ ಇಲ್ಲ, ನಿಂತಿರುವುದು ಸಿಡಿಮದ್ದಿನ ಪೀಪಾಯಿಯ ಮೇಲೆ. ಜನ ನಗುತ್ತ ತಲೆಯೆತ್ತಿ ನೋಡುತ್ತಾರೆ, ಸೂರು ಮೇಲೇರುತ್ತಿದೆಯೆಂದು ನಂಬುತ್ತಾರೆ. ನಿಜವಾಗಿ ಸೂರು ಕದಲುವುದೇ ಇಲ್ಲ. ನಿಂತ ನೆಲವೇ ಕೆಳಗಿಳಿಯುತ್ತಿರುತ್ತದೆ.

ಇಷ್ಟಕ್ಕೂ ಕಾರಣ ಆ ಉಗಿಬಂಡಿ. ವನದ ಸುತ್ತ ಹೊರಗಿನ ಪ್ರಪಂಚ ಕಾಣದಂತೆ ಮಣ್ಣಿನ ದಿಬ್ಬ ಹಾಕಿ, ಬಂಡಿಯ ಹಳಿಗಳನ್ನೂ ವನದ ಅಂಚಿನಲ್ಲೇ ಹಾಸಿದ್ದಾರೆ. ಬಂಗಲೆಯಿರುವುದು ಹಳಿಗಳ ಈಚೆಗೆ; ಭೂತಗಳ ಸಂಸಾರ ಹಿಡಿಸುವಷ್ಟು ಜಾಗವಿದ್ದುದು ಹಳಿಗಳ ಆಚೆಗೆ. ಜನರನ್ನು ಹಳಿಯ ಕೆಳಗೆ ಸಾಗಿಸಬೇಕಾಗಿತ್ತು. ಬೇರೆ ಯಾರಾದರೂ ಮೆಟ್ಟಿಲು ಕಟ್ಟಿಸಿ ಸುಮ್ಮನಾಗುತ್ತಿದ್ದರು. ಇವರು ಲಿಫ್ಟನ್ನೇ ಕಥೆಯ ಮೊದಲ ಅಧ್ಯಾಯವನ್ನಾಗಿ ಮಾಡಿದರು. 999 ಭೂತಗಳು ವಾಸಿಸುವ ಆ ಪುಟ್ಟ ಬಂಗಲೆ ವಾಸ್ತವವಾಗಿ ಒಂದು ಹೆಬ್ಬಾಗಿಲು ಮಾತ್ರ ಎಂಬುದು ಬಹುಮಂದಿ ಪ್ರವಾಸಿಗಳಿಗೆ ಇಂದಿಗೂ ತಿಳಿಯದು.

ಮುಂದಿನ ಓಣಿಯ ತುದಿಯಲ್ಲಿ ಎರಡು ಮುಖಗಳಿವೆ. ನೋಡುವವರು ಎತ್ತ ನಡೆದರೂ ಅವು ಅತ್ತಲೇ ತಿರುಗುತ್ತವೆ. ಯಂತ್ರವಿರಬೇಕೆಂದು ಹುಡುಕುವುದು ವ್ಯರ್ಥ, ಅಲ್ಲಿ ಯಂತ್ರವೇ ಇಲ್ಲ. ಅವು ಉಬ್ಬಿದ ಮುಖಗಳಲ್ಲ, ಅಚ್ಚಿನಂತೆ ಒಳಕ್ಕೆ ತಗ್ಗಿದ ಮುಖಗಳು. ಮುಖವೆಂದರೆ ಉಬ್ಬಿರಲೇಬೇಕೆಂದು ಮನಸ್ಸು ಹಟಹಿಡಿಯುವುದರಿಂದ ಅವು ತಿರುಗಿದಂತೆ ತೋರುತ್ತವೆ. ದೆವ್ವವಿರುವುದು ನೋಡುವವನ ತಲೆಯಲ್ಲಿ!

ಇಲ್ಲಿಂದ ಕಪ್ಪು ಚಿಪ್ಪಿನಂತಹ ಪೀಠಗಳಲ್ಲಿ ಕುಳಿತು ಸಾಗಬೇಕು. ಒಂದರ ಹಿಂದೊಂದು ನಿಲ್ಲದೆ ಬರುವ ಈ ಪೀಠಗಳಲ್ಲಿ ತಂದೆತಾಯಿಯರ ನಡುವೆ ಮಗುವೊಂದು ಹುದುಗಿ ಕೂರುವಷ್ಟು ಸ್ಥಳವುಂಟು. ಪೀಠ ತಾನೇ ತಿರುಗಿ, ಯಾವುದನ್ನು ಕಾಣಬೇಕೋ ಅದರತ್ತ ಮುಖಮಾಡಿಸುತ್ತದೆ. ಯಾವುದನ್ನು ಕಾಣಬಾರದೋ ಅದಕ್ಕೆ ಬೆನ್ನು ತೋರಿಸುತ್ತದೆ. ಸಿನಿಮಾದವರು ಕಟ್ಟಿದ ಮನೆಯೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಪ್ರೇಕ್ಷಕನನ್ನೇ ಅವರು ಕ್ಯಾಮೆರದ ಜಾಗದಲ್ಲಿ ಕೂರಿಸಿದ್ದಾರೆ. ಕತ್ತಲ ಓಣಿಯಲ್ಲಿ ಮುಚ್ಚಿದ ಬಾಗಿಲೊಂದು ಉಸಿರಾಡುವಂತೆ ಉಬ್ಬಿ ಇಳಿಯುತ್ತದೆ. ಒಳಗಿರುವುದು ಏನೆಂದು ಯಾರೂ ತೋರಿಸುವುದಿಲ್ಲ. ಕೋಟ್ಸರ ಪಟ್ಟು ಎಷ್ಟು ಸರಿಯಾಗಿತ್ತೆಂಬುದಕ್ಕೆ ಆ ಬಾಗಿಲೊಂದೇ ಸಾಕು.

ಬಳಿಕ ಸ್ಫಟಿಕದ ಗೋಳದೊಳಗಿಂದ ಲಿಯೋಟಾ ಎಂಬಾಕೆಯ ತಲೆ ಮಂತ್ರ ಹೇಳಿ ಭೂತಗಳನ್ನು ಕರೆಯುತ್ತದೆ. ಗೋಳದಲ್ಲಿ ಕಾಣುವ ಮುಖ ಡಿಸ್ನಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಲಿಯೋಟಾ ಟೂಂಬ್ಸ್ ಎಂಬುವರದು, ಕೇಳುವ ದನಿ ನಟಿ ಎಲಿನಾರ್ ಆಡ್ಲಿಯವರದು. ಕರೆಗೆ ಓಗೊಟ್ಟ ಭೂತಗಳು ಮೊದಲು ಕಾಣಿಸಿಕೊಳ್ಳುವುದು ಊಟದ ದೊಡ್ಡ ಪಡಸಾಲೆಯಲ್ಲಿ. ಪೀಠಗಳು ಉಪ್ಪರಿಗೆಯ ಅಂಚಿನಲ್ಲಿ ಸಾಗುತ್ತಿರುವಾಗ, ಕೆಳಗೆ ಪಾರದರ್ಶಕ ದೇಹಗಳು ಮೇಜಿನ ಸುತ್ತ ಕುಳಿತಿರುತ್ತವೆ, ಜೋಡಿಗಳು ಕುಣಿಯುತ್ತಿರುತ್ತವೆ, ಮರುಕ್ಷಣದಲ್ಲಿ ಮಾಯವಾಗುತ್ತವೆ.

ಈ ಅದ್ಭುತದ ಹಿಂದಿರುವುದು ನೂರು ವರ್ಷಕ್ಕೂ ಹಳೆಯ ಉಪಾಯ. ಹೆನ್ರಿ ಡರ್ಕ್ಸ್ ಎಂಬಾತ ಕಲ್ಪಿಸಿ, ಜಾನ್ ಹೆನ್ರಿ ಪೆಪ್ಪರ್ ಎಂಬಾತ ಸುಧಾರಿಸಿದ ಇದನ್ನು 1862ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯ ರಂಗದ ಮೇಲೆ ತೋರಿಸಿದ್ದರು. ರಾತ್ರಿಯ ಬಸ್ಸಿನಲ್ಲಿ ಕುಳಿತು ಕಿಟಕಿಯ ಗಾಜಿನಲ್ಲಿ ತಮ್ಮ ಮುಖ ಹೊರಗಿನ ಹೊಲದ ಮೇಲೆ ತೇಲುವುದನ್ನು ಕಾಣದವರಾರು? ಇದೂ ಅದೇ. ಉಪ್ಪರಿಗೆಗೂ ಪಡಸಾಲೆಗೂ ನಡುವೆ ಭಾರಿ ಗಾಜಿನ ಹಲಗೆಗಳುಂಟು. ಭೂತದ ಬೊಂಬೆಗಳು ಪೀಠಗಳ ಮೇಲೂ ಕೆಳಗೂ ಕಪ್ಪು ಬಳಿದ ಮರೆಯಲ್ಲಿವೆ. ಅವುಗಳ ಮೇಲೆ ಬೆಳಕು ಬಿದ್ದಾಗ ಗಾಜಿನಲ್ಲಿ ಪ್ರತಿಬಿಂಬ ಮೂಡಿ, ಆಚೆಯ ಖಾಲಿ ಕುರ್ಚಿಯಲ್ಲಿ ಭೂತ ಕುಳಿತಂತಾಗುತ್ತದೆ. ಬೆಳಕು ಆರಿದರೆ ಭೂತ ಹೋಯಿತು. ಸೂಕ್ಷ್ಮವಾಗಿ ನೋಡಿದರೆ ಕುಣಿಯುವ ಜೋಡಿಗಳಲ್ಲಿ ಗಂಡಸರ ಬದಲು ಹೆಂಗಸರೇ ನೃತ್ಯವನ್ನು ನಡೆಸುತ್ತಿರುವಂತೆ ಕಾಣುತ್ತದೆ. ಪ್ರತಿಬಿಂಬದಲ್ಲಿ ಎಡಬಲಗಳು ಅದಲುಬದಲಾಗುತ್ತವೆಂಬುದು ಆ ಜಾಣರಿಗೂ ನೆನಪಾಗಲಿಲ್ಲವೇನೋ! ಕಂಪನಿ ನಾಟಕಗಳ ಟ್ರಿಕ್ ಸೀನುಗಳನ್ನು ಬಾಯ್ತೆರೆದು ನೋಡಿದ ತಲೆಮಾರಿನವರು ಈ ತಪ್ಪನ್ನು ಸಂತೋಷದಿಂದ ಕ್ಷಮಿಸಿಯಾರು.

ಈ ಚಮತ್ಕಾರಗಳಲ್ಲಿ ಅನೇಕವು ಯೇಲ್ ಗ್ರೇಸಿ ಎಂಬವರ ಕೈಚಳಕ. 1967ರ ಮಾರ್ಚಿಯಲ್ಲಿ ತೆರೆದ ಕಡಲ್ಗಳ್ಳರ ದೋಣಿವಿಹಾರದಲ್ಲಿ ಊರೇ ಹೊತ್ತಿ ಉರಿಯುವಂತೆ ಮಾಡಿದವರೂ ಅವರೇ. ಬೆಂಕಿಯಿಲ್ಲದ ಆ ಉರಿಯನ್ನು ಕಂಡು ಅನಹೈಮಿನ ಅಗ್ನಿಶಾಮಕ ದಳದ ಮುಖ್ಯಸ್ಥರು, ನಿಜವಾಗಿ ಬೆಂಕಿ ಬಿದ್ದರೆ ಯಾವುದು ನಿಜವೆಂದು ನಮ್ಮವರಿಗೆ ತಿಳಿಯುವುದು ಹೇಗೆ, ಅಂತಹ ಸಮಯದಲ್ಲಿ ಸುಳ್ಳು ಬೆಂಕಿ ತಾನಾಗಿ ಆರುವಂತೆ ಮಾಡಿ ಎಂದು ಕೇಳಿದರಂತೆ. ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿಪತ್ರ ದೊರೆಯಲಾರದು.

ಎಲ್ಲವೂ ಹೀಗೆ ಫಲಿಸಿತೆಂದಲ್ಲ. ಅಟ್ಟದ ಮೇಲೆ ಟೋಪಿಯ ಪೆಟ್ಟಿಗೆ ಹಿಡಿದ ಭೂತವೊಂದನ್ನು ನಿಲ್ಲಿಸಿದ್ದರು. ಅದರ ತಲೆ ಕತ್ತಿನ ಮೇಲಿಂದ ಮಾಯವಾಗಿ ಕೈಯ ಪೆಟ್ಟಿಗೆಯೊಳಗೆ ಕಾಣಿಸಬೇಕಾಗಿತ್ತು. ಸುತ್ತಲಿನ ಬೆಳಕಿನಿಂದಾಗಿ ತಲೆ ಹೋಗುವಂತೆಯೇ ಕಾಣಲಿಲ್ಲ. ಬಂಗಲೆ ತೆರೆದ ಕೆಲವೇ ದಿನಗಳಲ್ಲಿ ಅದನ್ನು ಹೊರಗೆ ಕಳುಹಿಸಲಾಯಿತು. ಆದರೆ ಅಷ್ಟರಲ್ಲಿ ಅದನ್ನು ಕಂಡಿದ್ದ ಕೆಲವರು ಮರೆಯಲಿಲ್ಲ; ಮಕ್ಕಳಿಗೆ ಕಥೆ ಹೇಳಿದರು. ಕಾಣದ ಭೂತದ ಕೀರ್ತಿ ಕಾಣುವ ಭೂತಗಳದನ್ನು ಮೀರಿಸಿತು. ಕೊನೆಗೆ 2015ರ ಮೇ ತಿಂಗಳಲ್ಲಿ, ಹೊಸ ಕಾಲದ ಯಂತ್ರಗಳ ನೆರವಿನಿಂದ, ನಲವತ್ತಾರು ವರ್ಷಗಳ ತರುವಾಯ ಅದು ಮನೆಗೆ ಮರಳಿತು.

ಬಂಗಲೆಯ ಬಾಗಿಲು ತೆರೆದದ್ದು 1969ರ ಆಗಸ್ಟ್ 9ರಂದು. ಕಾದು ಕಾದು ಬೇಸತ್ತಿದ್ದ ಜನ ಪ್ರವಾಹದಂತೆ ಬಂದರು. ಒಂದು ವಾರದೊಳಗೆ ಒಂದೇ ದಿನ ವನಕ್ಕೆ ಬಂದವರ ಸಂಖ್ಯೆ 82,000ವನ್ನು ಮೀರಿತು. ಕೋಟ್ಸರ ಕತ್ತಲೆಯಲ್ಲಿ ಕಿರುಚಿದವರು ಡೇವಿಸರ ಸ್ಮಶಾನಕ್ಕೆ ಬರುವ ಹೊತ್ತಿಗೆ, ಹಾಡುವ ಐದು ಕಲ್ಲಿನ ತಲೆಗಳೊಡನೆ ತಾವೂ ತಲೆದೂಗುತ್ತಿದ್ದರು.

ಇಂದಿಗೂ ಸವಾರಿ ಮುಗಿಸಿದವರನ್ನು ಚಲಿಸುವ ಇಳಿಜಾರೊಂದು ನೆಲದಡಿಯಿಂದ ಹಗಲಿನ ಬೆಳಕಿಗೆ ಎತ್ತಿ ತರುತ್ತದೆ. ಆಗ ಪಕ್ಕದ ಮೇಲ್ಗಡೆ ಮೊಳದುದ್ದವೂ ಇಲ್ಲದ ಮದುಮಗಳೊಬ್ಬಳು ನಿಂತು, ಬೇಗ ಮರಳಿ ಬನ್ನಿರೆಂದು ಎಳೆದನಿಯಲ್ಲಿ ಕರೆಯುತ್ತಾಳೆ. ಬರುವಾಗ ಮರಣಪತ್ರವನ್ನು ಮರೆಯದೆ ತರಬೇಕಂತೆ. ಹಿರಿಯರಲ್ಲಿ ಅನೇಕರು ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ಅವಳನ್ನು ಗಮನಿಸದೆಯೇ ಸಾಗಿಬಿಡುತ್ತಾರೆ. ಮಕ್ಕಳು ಮಾತ್ರ ಕಂಡೇ ಕಾಣುತ್ತಾರೆ, ಮತ್ತೆ ಸಾಲಿನಲ್ಲಿ ನಿಲ್ಲೋಣವೆಂದು ತಂದೆತಾಯಿಯರ ಕೈ ಜಗ್ಗುತ್ತಾರೆ.